40 ವರ್ಷದ ಹಾಯಿದೋಣಿಯ ಡೀಸೆಲ್ ಎಂಜಿನ್: ದುರಸ್ತಿ ಮಾಡಿಸಬೇಕೋ, ಹೊಸದು ಕೂರಿಸಬೇಕೋ?

ಪ್ರಶ್ನೆ: ಕೊಲ್ಲಿಯ ಹಾಯಿ, ಅನಾಪೊಲಿಸ್ (ಅಮೆರಿಕ)

ಎಲ್ಲರಿಗೂ ನಮಸ್ಕಾರ.

ನಮ್ಮದು 1985ರಲ್ಲಿ ತಯಾರಾದ ಕ್ಯಾಟಲೀನಾ 30 ಹಾಯಿದೋಣಿ. ಆರು ವರ್ಷಗಳ ಹಿಂದೆ ಇದನ್ನು ಮೂರನೆಯ ಒಡೆಯರಾಗಿ ಕೊಂಡೆವು. ಒಳಗಿರುವುದು ದೋಣಿಯೊಂದಿಗೇ ಬಂದ ಯೂನಿವರ್ಸಲ್ ಎಂ-25 ಡೀಸೆಲ್ ಎಂಜಿನ್. ಮೂರು ಸಿಲಿಂಡರ್, 21 ಅಶ್ವಶಕ್ತಿ, ಟ್ರ್ಯಾಕ್ಟರ್ ತಯಾರಿಸುವ ಕುಬೋಟಾ ಕಂಪನಿಯ ಎಂಜಿನ್ನನ್ನು ದೋಣಿಗೆ ಒಗ್ಗಿಸಿ ಮಾಡಿದ್ದು. ಗಂಟೆ ಎಣಿಸುವ ಮೀಟರು 2,140ರಲ್ಲಿ ನಿಂತುಹೋಗಿದೆ, ಅದು ಯಾವಾಗ ನಿಂತಿತೆಂಬುದು ನಮಗೆ ಮಾರಿದವರಿಗೂ ತಿಳಿದಿರಲಿಲ್ಲ.

ಕಳೆದ ಆಗಸ್ಟ್‌ನಲ್ಲಿ ನಡೆದದ್ದನ್ನು ಹೇಳಿದರೆ ನನ್ನ ಆತಂಕ ನಿಮಗೆ ಅರ್ಥವಾದೀತು. ಚೆಸಪೀಕ್ ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗಾಳಿ ಇದ್ದಕ್ಕಿದ್ದಂತೆ ಬಿದ್ದುಹೋಗುವುದು ಸಾಮಾನ್ಯ. ಅಂದು ಥಾಮಸ್ ಪಾಯಿಂಟ್ ದೀಪಸ್ತಂಭ ದಾಟಿ, ಬಾಲ್ಟಿಮೋರ್‌ಗೆ ಹೋಗುವ ಸರಕು ಹಡಗುಗಳ ದಾರಿಯ ಅಂಚಿಗೆ ಬಂದಾಗ ಹಾಯಿಗಳು ಜೋತುಬಿದ್ದವು. ದೂರದಲ್ಲಿ ಕಂಟೇನರ್ ಹಡಗೊಂದು ಕಾಣಿಸುತ್ತಿದ್ದುದರಿಂದ ನಾನು ಎಂಜಿನ್ ವೇಗವನ್ನು ನಿಮಿಷಕ್ಕೆ 2,600 ಸುತ್ತುಗಳಿಗೆ ಏರಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಎಂದೂ 170 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲಿ ನಿಲ್ಲುತ್ತಿದ್ದ ಉಷ್ಣದ ಮುಳ್ಳು 210 ದಾಟಿತು. ಎಂಜಿನ್ ನಿಲ್ಲಿಸಿ, ಅಲೆಯ ಸೆಳೆತಕ್ಕೇ ದೋಣಿಯನ್ನು ದಾರಿಯಿಂದಾಚೆ ಬಿಟ್ಟು, ನೀರು ಕಡಿಮೆಯಿದ್ದ ಕಡೆ ಲಂಗರು ಹಾಕಿ, ಎಳೆದೊಯ್ಯುವ ದೋಣಿಗಾಗಿ ಎರಡು ಗಂಟೆ ಕಾದೆವು. ದೋಣಿಯಲ್ಲಿ ನನ್ನ ಹೆಂಡತಿಯೂ ಒಂಬತ್ತು ಮತ್ತು ಆರು ವರ್ಷದ ಮಕ್ಕಳಿಬ್ಬರೂ ಇದ್ದರು.

ಬಿಸಿಯಾಗುವುದಷ್ಟೇ ತೊಂದರೆಯಲ್ಲ. ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ತಣ್ಣನೆಯ ಬೆಳಗಿನಲ್ಲಿ ಎಂಜಿನ್ ಬೇಗನೆ ಹೊತ್ತಿಕೊಳ್ಳುವುದಿಲ್ಲ. ಒಮ್ಮೊಮ್ಮೆ ಏಳೆಂಟು ಸಲ ಸ್ಟಾರ್ಟರ್ ತಿರುಗಿಸಬೇಕಾಗುತ್ತದೆ. ಹೊತ್ತಿಕೊಂಡ ಮೇಲೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುತ್ತದೆ. ಭಾರ ಬಿದ್ದಾಗ ತೆಳು ನೀಲಿ ಹೊಗೆಯೂ ಕಾಣುತ್ತದೆ. ಎಂಜಿನ್ ಕೆಳಗಿನ ತಟ್ಟೆಯಲ್ಲಿ ವರ್ಷಕ್ಕೆ ಅರ್ಧ ಲೀಟರಿನಷ್ಟು ಎಣ್ಣೆ ಸೇರುತ್ತದೆ. ಎಂಜಿನ್ನನ್ನು ಹೊತ್ತ ಹಿಂಬದಿಯ ಎರಡು ರಬ್ಬರ್ ಮೌಂಟ್‌ಗಳು ತುಕ್ಕು ಹಿಡಿದು ಕುಸಿದಿವೆ.

ಇಲ್ಲಿಯ ದೋಣಿ ಯಾರ್ಡ್ ಒಂದರ ಮೆಕ್ಯಾನಿಕ್ ಅರ್ಧ ಗಂಟೆ ನೋಡಿ, ಇದಕ್ಕೆ ಇನ್ನು ಹಣ ಹಾಕಬೇಡಿ, ಹೊಸದು ಹಾಕಿಸಿ ಎಂದರು. ಎಂಜಿನ್, ಕೂಲಿ ಎಲ್ಲ ಸೇರಿ 23,500 ಡಾಲರ್ ಎಂದು ಬರೆದುಕೊಟ್ಟಿದ್ದಾರೆ. ಹಳೆಯದನ್ನೇ ಹೊರತೆಗೆದು ಪೂರ್ತಿ ಬಿಚ್ಚಿ ಕಟ್ಟುವುದಾದರೆ 9,000 ಡಾಲರ್, ಆದರೆ ಒಳಗೆ ಏನು ಸಿಗುತ್ತದೋ ಹೇಳಲಾಗದು ಎಂದೂ ಸೇರಿಸಿದರು. ಈ ದೋಣಿಯನ್ನು ಇಂದು ಮಾರಿದರೆ 16,000 ಡಾಲರ್ ಬಂದರೆ ಹೆಚ್ಚು. ಮೂಗಿಗಿಂತ ಮೂಗುತಿ ಭಾರವಾಗುವ ಲೆಕ್ಕ. ಮುಂದಿನ ಬೇಸಿಗೆಯಲ್ಲಿ ಚೆಸಪೀಕ್ ಮತ್ತು ಡೆಲವೇರ್ ಕಾಲುವೆಯ ಮೂಲಕ ನ್ಯೂಜೆರ್ಸಿಯ ಕಡೆಗೆ ಹೋಗಬೇಕೆಂಬುದು ನಮ್ಮ ಆಸೆ. ಆ 22 ಕಿಲೋಮೀಟರ್ ಕಾಲುವೆಯಲ್ಲಿ ಹಾಯಿಯ ಮೇಲೆ ಸಾಗುವಂತಿಲ್ಲ, ಎಂಜಿನ್ ಓಡಲೇಬೇಕು. ದೋಣಿ ಈಗ ದಡದ ಮೇಲಿದೆ. ತಿಳಿದವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ 1: ಹಳೆಯ ಚೀಫ್ ಎಂಜಿನಿಯರ್, ಮಂಗಳೂರು

ಮಾನ್ಯರೇ, ನಾನು ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ನಿಮ್ಮ ಎಂಜಿನ್ ನಮ್ಮ ಹಡಗುಗಳಲ್ಲಿ ಲೈಫ್‌ಬೋಟಿಗೆ ಹಾಕುವ ಎಂಜಿನ್‌ಗಳ ಅಳತೆಯದು. ಆ ಎಂಜಿನ್‌ಗಳನ್ನು ವಾರಕ್ಕೊಮ್ಮೆ ಕನಿಷ್ಠ 3 ನಿಮಿಷ ಓಡಿಸಬೇಕೆಂದು ಅಂತಾರಾಷ್ಟ್ರೀಯ ನಿಯಮವೇ ಇದೆ. ಅವು ಸವೆದು ಹಾಳಾದದ್ದನ್ನು ನಾನು ಕಂಡಿಲ್ಲ. ಓಡದೆ, ಭಾರ ಹೊರದೆ, ತುಕ್ಕು ಮತ್ತು ಮಸಿ ಹಿಡಿದು ಹಾಳಾದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಹಾಯಿದೋಣಿಯ ಎಂಜಿನ್ನಿನ ಪಾಡೂ ಇದೇ. 40 ವರ್ಷದಲ್ಲಿ ಮೂರು ಸಾವಿರ ಗಂಟೆ ಓಡಿದ್ದರೂ ಡೀಸೆಲ್ ಎಂಜಿನ್ನಿಗೆ ಅದು ಮುಪ್ಪಲ್ಲ. ಆದ್ದರಿಂದ ವಯಸ್ಸನ್ನು ಬದಿಗಿಟ್ಟು, ನೀವು ಹೇಳಿದ ದೂರುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಬಿಸಿಯಾಗುವುದು. ನಿಮ್ಮ ಎಂಜಿನ್ನಿನ ಒಳಗೆ ಸುತ್ತುವುದು ಕೂಲೆಂಟ್ ಬೆರೆಸಿದ ಸಿಹಿನೀರು. ಕೊಲ್ಲಿಯ ನೀರು ಹೀಟ್ ಎಕ್ಸ್‌ಚೇಂಜರ್‌ನ ಕೊಳವೆಗಳೊಳಗೆ ಹಾದು, ಆ ಸಿಹಿನೀರನ್ನು ತಣಿಸಿ, ಎಕ್ಸಾಸ್ಟ್‌ಗೆ ಬೆರೆತು ಹೊರಗೆ ಹೋಗುತ್ತದೆ. ಇದು ನಿಮ್ಮ ಅದೃಷ್ಟ. ಉಪ್ಪುನೀರು ಬ್ಲಾಕಿನೊಳಗೇ ಓಡುವ ಎಂಜಿನ್ ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ನಿಧಾನವಾಗಿ ಓಡುವಾಗ ಸರಿಯಿದ್ದು, ವೇಗ ಹೆಚ್ಚಿಸಿದಾಗ ಮಾತ್ರ ಬಿಸಿಯೇರುತ್ತದೆಂದರೆ ನೀರು ಸಾಲುತ್ತಿಲ್ಲವೆಂದು ಅರ್ಥ. ಹೊರಗಿನಿಂದ ಒಳಕ್ಕೆ ನೀರಿನ ದಾರಿಯನ್ನೇ ಹಿಡಿದು ನಡೆಯಿರಿ. ದೋಣಿಯ ತಳದಲ್ಲಿ ನೀರು ಒಳಬರುವ ವಾಲ್ವ್, ಜರಡಿ, ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರವಾದ ಇಂಪೆಲ್ಲರ್, ಹೀಟ್ ಎಕ್ಸ್‌ಚೇಂಜರ್, ಕೊನೆಗೆ ಎಕ್ಸಾಸ್ಟ್‌ನ ಮೊಣಕೈ, ಅಂದರೆ ಅದರ ಬಾಗಿದ ಪೈಪು. ನಿಮ್ಮ ಕೊಲ್ಲಿಯಲ್ಲಿ ಬೇಸಿಗೆಯಲ್ಲಿ ಜೆಲ್ಲಿಫಿಶ್ ತುಂಬುತ್ತದೆಂದು ಕೇಳಿದ್ದೇನೆ. ಜರಡಿ ಕಟ್ಟುವುದಕ್ಕೆ ಅಷ್ಟೇ ಸಾಕು. ಹಳೆಯ ಇಂಪೆಲ್ಲರ್‌ಗಳ ರಬ್ಬರ್ ರೆಕ್ಕೆ ಮುರಿದಾಗ ಜನ ಹೊಸ ಇಂಪೆಲ್ಲರ್ ಹಾಕಿ ಸುಮ್ಮನಾಗುತ್ತಾರೆ, ಮುರಿದ ತುಂಡು ಎಲ್ಲಿ ಹೋಯಿತೆಂದು ಹುಡುಕುವುದಿಲ್ಲ. ಅದು ಹೋಗಿ ಕೂರುವುದು ಎಕ್ಸ್‌ಚೇಂಜರ್‌ನ ಬಾಯಲ್ಲಿ. ತುಕ್ಕಿನಿಂದ ಕಾಪಾಡಲು ಅಲ್ಲಿ ಇಟ್ಟಿರುವ ಸತುವಿನ ಕಡ್ಡಿಯೂ ಕರಗಿ ತುಂಡಾಗಿ ಬಿದ್ದು ಅದೇ ಕೊಳವೆಗಳನ್ನು ಮುಚ್ಚುತ್ತದೆ. ಎಕ್ಸಾಸ್ಟ್‌ನ ಮೊಣಕೈಯನ್ನಂತೂ ಬಿಚ್ಚಿಯೇ ನೋಡಬೇಕು. ಹೊಗೆ ಮತ್ತು ನೀರು ಸೇರುವ ಆ ಜಾಗದಲ್ಲಿ ಮಸಿ ಗಟ್ಟಿಯಾಗಿ, ಹೆಬ್ಬೆರಳು ಹೋಗುವ ತೂತು ಪೆನ್ಸಿಲ್ ಹೋಗುವಷ್ಟಾಗಿರುವುದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಉಸಿರು ಹೊರಗೆ ಬಿಡಲಾಗದ ಎಂಜಿನ್ ಬಿಸಿಯಾಗದೆ ಏನು ಮಾಡೀತು?

ಎರಡನೆಯದು ತಣ್ಣನೆಯ ಬೆಳಗಿನ ತೊಂದರೆ. ನಿಮ್ಮ ಮೆಕ್ಯಾನಿಕ್ ಇದನ್ನು ಕಂಪ್ರೆಶನ್ (ಸಿಲಿಂಡರ್‌ನಲ್ಲಿ ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ) ಇಳಿದಿರುವ ಗುರುತೆಂದು ತಿಳಿದಿರಬಹುದು. ಇರಲೂಬಹುದು. ಆದರೆ ಆ ಕಾಲದ ವೈರಿಂಗ್‌ನಲ್ಲಿ, ಹೊತ್ತಿಸುವ ಮೊದಲು ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್‌ಗಳಿಗೆ ಹೋಗುವ ಕರೆಂಟು ಬ್ಯಾಟರಿಯಿಂದ ಹಿಂದಿನ ಚುಕ್ಕಾಣಿಯ ಬಳಿಯ ಸ್ವಿಚ್ಚಿನವರೆಗೆ ಹೋಗಿ, ಮತ್ತೆ ಎಂಜಿನ್ನಿಗೆ ಮರಳಿ ಬರುತ್ತದೆ. ನಡುವೆ ಹಳೆಯ ಪ್ಲಗ್-ಸಾಕೆಟ್ ಜೋಡಣೆಗಳಿರುತ್ತವೆ. ಮೂರು ಪ್ಲಗ್‌ಗಳು ಸೇರಿ 20 ಆಂಪಿಯರ್‌ಗೂ ಹೆಚ್ಚು ಎಳೆಯುವಾಗ, ಅಷ್ಟು ಉದ್ದದ ಸಣ್ಣ ತಂತಿಯಲ್ಲಿ ಹಸಿರುಗಟ್ಟಿದ ಜೋಡಣೆಗಳ ಮೂಲಕ ಪ್ಲಗ್‌ವರೆಗೆ ಎಷ್ಟು ವೋಲ್ಟ್ ತಲುಪುತ್ತದೆಂದು ಮೀಟರ್ ಹಿಡಿದು ನೋಡಿ. 12ರ ಬದಲು 9 ಕಂಡರೆ ಎಂಜಿನ್ನನ್ನು ದೂರಬೇಡಿ. ಎಂಜಿನ್ ಪಕ್ಕದಲ್ಲೇ ಒಂದು ಸೊಲೆನಾಯ್ಡ್ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು) ಹಾಕಿ, ಬ್ಯಾಟರಿಯಿಂದ ದಪ್ಪ ತಂತಿಯನ್ನು ನೇರವಾಗಿ ಎಳೆದರೆ ಆ ತೊಂದರೆ ತೀರುತ್ತದೆ. ಆ ಹಳೆಯ ಜೋಡಣೆಗಳು ಬಿಸಿಯಾಗಿ ಕರಗುವುದೂ ಉಂಟು, ಆದ್ದರಿಂದ ಎಂಜಿನ್ ಉಳಿಸಿಕೊಂಡರೂ ಬಿಟ್ಟರೂ ಅವನ್ನು ಕಿತ್ತುಹಾಕಿ.

ಇಲ್ಲಿ ನಿಮಗೊಂದು ಪ್ರಶ್ನೆ. ಏಳೆಂಟು ಸಲ ಸ್ಟಾರ್ಟರ್ ತಿರುಗಿಸುವಾಗ ತಳದ ನೀರಿನ ವಾಲ್ವ್ ತೆರೆದೇ ಇರುತ್ತಿತ್ತೇ? ಎಂಜಿನ್ ಹೊತ್ತಿಕೊಳ್ಳದಿದ್ದರೂ ಪಂಪು ತಿರುಗಿ ನೀರು ತಳ್ಳುತ್ತಲೇ ಇರುತ್ತದೆ, ಆದರೆ ಅದನ್ನು ಹೊರಕ್ಕೆ ನೂಕುವ ಹೊಗೆಯ ಒತ್ತಡ ಇರುವುದಿಲ್ಲ. ಮಫ್ಲರ್ (ಎಕ್ಸಾಸ್ಟಿನ ಸದ್ದು ತಗ್ಗಿಸುವ ಡಬ್ಬಿ) ತುಂಬಿದ ನೀರು ಹಿಂದಕ್ಕೆ ಏರಿ, ಯಾವ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್ ತೆರೆದಿದೆಯೋ ಅದರೊಳಕ್ಕೆ ಇಳಿಯುತ್ತದೆ. ಒಳ್ಳೆಯ ಎಂಜಿನ್‌ಗಳು ಹೀಗೆ ಹಾಳಾಗಿವೆ. ಮೂರು ಸಲಕ್ಕೆ ಹೊತ್ತಿಕೊಳ್ಳದಿದ್ದರೆ ವಾಲ್ವ್ ಮುಚ್ಚಿ ತಿರುಗಿಸಬೇಕು, ಹೊತ್ತಿಕೊಂಡ ಕ್ಷಣವೇ ತೆರೆಯಬೇಕು.

ನೀಲಿ ಹೊಗೆ ಎಣ್ಣೆ ಉರಿಯುತ್ತಿರುವ ಗುರುತು, ಅದನ್ನು ಅಲಕ್ಷಿಸುವಂತಿಲ್ಲ. ಅದಕ್ಕೆ ಊಹೆ ಬೇಡ, ಅಳತೆ ಬೇಕು. ಮೂರೂ ಸಿಲಿಂಡರ್‌ಗಳ ಕಂಪ್ರೆಶನ್ ಅಳೆಸಿ. ಅಂಕಿ ಎಷ್ಟೆಂಬುದರ ಜೊತೆಗೆ ಮೂರರ ನಡುವಣ ಅಂತರ ಎಷ್ಟೆಂಬುದೂ ಮುಖ್ಯ. ಶೇಕಡಾ 10ರೊಳಗಿದ್ದರೆ ನಿಶ್ಚಿಂತೆ. ಒಂದು ಸಿಲಿಂಡರ್ ಮಾತ್ರ ಇಳಿದಿದ್ದರೆ, ಅದರೊಳಕ್ಕೆ ಒಂದು ಚಿಕ್ಕ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಅಂಕಿ ಏರಿದರೆ ಪಿಸ್ಟನ್ ಸುತ್ತಲಿನ ರಿಂಗಿನ ಕಡೆಯ ದೋಷ, ಏರದಿದ್ದರೆ ವಾಲ್ವ್ ಅಥವಾ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಕಡೆಯದು. ಚಮಚಕ್ಕಿಂತ ಹೆಚ್ಚು ಬಿಟ್ಟರೆ ಪಿಸ್ಟನ್ ಸಿಕ್ಕಿಬಿದ್ದು ರಾಡ್ ಬಾಗೀತು, ಎಚ್ಚರ. ಬಳಸಿದ ಎಣ್ಣೆಯನ್ನು ಸ್ವಲ್ಪ ಶೀಶೆಯಲ್ಲಿ ಪರೀಕ್ಷೆಗೆ ಕಳಿಸಿ. ಅದರಲ್ಲಿ ಸೋಡಿಯಂ (ಉಪ್ಪುನೀರು ಸೇರಿದ ಗುರುತು) ಇದೆಯೇ, ಕೂಲೆಂಟ್ ಇದೆಯೇ, ಬೇರಿಂಗಿನ ಲೋಹ ಇದೆಯೇ ಎಂಬುದನ್ನು ಪ್ರಯೋಗಾಲಯದವರು ಹೇಳುತ್ತಾರೆ. ಈ ಎರಡು ಪರೀಕ್ಷೆಗೆ ಕೆಲವು ನೂರು ಡಾಲರ್ ಹಿಡಿದೀತು. 23,500 ಡಾಲರಿನ ತೀರ್ಮಾನವನ್ನು ಅರ್ಧ ಗಂಟೆಯ ಕಣ್ಣಂದಾಜಿನ ಮೇಲೆ ಮಾಡಬೇಡಿ.

ಬ್ಯಾಟರಿ ತುಂಬುವ ಆಲ್ಟರ್ನೇಟರ್ ಹಿಡಿದಿರುವ ಬ್ರ್ಯಾಕೆಟ್ ಮೂಲದ್ದೇ ಆಗಿದ್ದರೆ ಅದನ್ನೂ ನೋಡಿ. ಅದು ಬಿರುಕು ಬಿಟ್ಟರೆ ಮುಂದಿನ ಗೇರ್ ಕವರ್ ಸೀಳಿ ಎಣ್ಣೆಯೆಲ್ಲ ಚೆಲ್ಲುತ್ತದೆ. ಈ ಎಂಜಿನ್ ಇಟ್ಟುಕೊಂಡವರೆಲ್ಲ ಮೊದಲು ಬದಲಿಸುವ ಭಾಗ ಅದು.

ಉತ್ತರ 2: ಮಲ್ಪೆ ಬೋಟು

ಚೀಫ್ ಸರ್ ಬರೆದದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ನಾನು ಬರೆಯುತ್ತಿರುವುದು ಪೂರ್ತಿ ಬಿಚ್ಚಿ ಕಟ್ಟುವ ವಿಚಾರದ ಬಗ್ಗೆ ಮಾತ್ರ, ಏಕೆಂದರೆ ಅದು ನಮ್ಮ ಮನೆಯಲ್ಲಿ ಪ್ರತಿ ಮಳೆಗಾಲದ ಮಾತು.

ನಮ್ಮದು ಮಲ್ಪೆಯಲ್ಲಿ ಟ್ರಾಲ್ ಬೋಟು ನಡೆಸುವ ಮನೆತನ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಎಂಜಿನ್ ಕೆಲಸವೆಲ್ಲ ಆಗಲೇ ನಡೆಯುತ್ತದೆ. ಒಂದು ಋತುವಿನಲ್ಲಿ ನಮ್ಮ ಎಂಜಿನ್ ಓಡುವಷ್ಟು ಗಂಟೆಯನ್ನು ನಿಮ್ಮದು 40 ವರ್ಷದಲ್ಲಿಯೂ ಓಡಿರಲಿಕ್ಕಿಲ್ಲ. ಹಗಲು ರಾತ್ರಿ ಬಲೆ ಎಳೆಯುವ ಭಾರದಲ್ಲಿ ಓಡಿದ ಎಂಜಿನ್ ಸವೆಯುತ್ತದೆ. ಅಂಥದ್ದಕ್ಕೆ ಲೈನರ್, ಪಿಸ್ಟನ್, ಬೇರಿಂಗ್ ಹಾಕಿ, ಕ್ರ್ಯಾಂಕನ್ನು ಲೇತಿಗೆ ಕೊಟ್ಟು ಗ್ರೈಂಡ್ ಮಾಡಿಸಿ, ಇಂಜೆಕ್ಟರ್ ಮತ್ತು ಪಂಪನ್ನು ಕ್ಯಾಲಿಬ್ರೇಶನ್‌ಗೆ ಕಳಿಸಿ ಕಟ್ಟಿದರೆ ಮತ್ತೆ ಹೊಸದರ ಹಾಗೆ ದುಡಿಯುತ್ತದೆ. ನಮ್ಮಲ್ಲಿ ಇದು ಲಾಭವಾಗುವುದಕ್ಕೆ ಎರಡು ಕಾರಣ. ಕೆಲಸಗಾರರ ಕೂಲಿ ಹೊಸ ಎಂಜಿನ್ನಿನ ಬೆಲೆಗೆ ಹೋಲಿಸಿದರೆ ಕಡಿಮೆ, ಮತ್ತು ಬೋಟು ಹೇಗೂ ಎರಡು ತಿಂಗಳು ದಕ್ಕೆಯಲ್ಲೇ ಕಟ್ಟಿರುತ್ತದೆ. ನಿಮ್ಮಲ್ಲಿ ಈ ಎರಡೂ ತಿರುಗುಮುರುಗು. ಗಂಟೆಗೆ ನೂರೈವತ್ತು ಡಾಲರಿನ ಲೆಕ್ಕದಲ್ಲಿ ಬಿಚ್ಚಿ ಕಟ್ಟಿಸುವುದೆಂದರೆ, ಕೊಟ್ಟ 9,000ದ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ.

ಆದ್ದರಿಂದ ಅಣ್ಣಾ, ನನ್ನ ಅನುಭವದ ಮಾತು ಇಷ್ಟು: ಬಿಚ್ಚುವುದಾದರೆ ಪೂರ್ತಿ ಬಿಚ್ಚಬೇಕು, ಇಲ್ಲವಾದರೆ ಒಳಗೆ ಕೈ ಹಾಕಲೇಬಾರದು. ಒಂದು ವರ್ಷ ನಾವು ಖರ್ಚು ಉಳಿಸಲು ರಿಂಗ್ ಮಾತ್ರ ಬದಲಿಸಿ, ಬೇರಿಂಗ್ ನೋಡದೆ ಮುಚ್ಚಿದ್ದೆವು. ಕಂಪ್ರೆಶನ್ ಏರಿತು, ಹಳೆಯ ಬೇರಿಂಗಿನ ಮೇಲೆ ಭಾರವೂ ಏರಿತು. ನವೆಂಬರ್‌ನಲ್ಲಿ, ಮೀನು ಚೆನ್ನಾಗಿ ಬೀಳುವ ಹೊತ್ತಿನಲ್ಲಿ, ದಡದಿಂದ ಬಹಳ ದೂರದಲ್ಲಿ ಎಣ್ಣೆಯ ಒತ್ತಡ ಬಿತ್ತು. ಇನ್ನೊಂದು ಬೋಟಿನವರು ರಾತ್ರಿಯಿಡೀ ನಮ್ಮನ್ನು ಎಳೆದು ತಂದರು. ಅವರ ಒಂದು ದಿನದ ದುಡಿಮೆಯೂ ಹೋಯಿತು. ಅಪ್ಪ ಆ ಹಳೆಯ ಬೇರಿಂಗಿನ ಒಂದು ಚಿಪ್ಪನ್ನು ಇಂದಿಗೂ ಬೀರುವಿನಲ್ಲಿ ಇಟ್ಟಿದ್ದಾರೆ. ಬಿಳಿ ಲೋಹ ಪೂರ್ತಿ ಹೋಗಿ ತಾಮ್ರದ ಬಣ್ಣ ಮೇಲೆದ್ದಿದೆ, ಅಂಚು ಬೆರಳಿಗೆ ತಾಗಿದರೆ ಬ್ಲೇಡಿನಂತೆ ಕೊಯ್ಯುತ್ತದೆ.

ಬೋಟು ನಿಲ್ಲಿಸುವ ಮೊದಲು ನಾವು ಎಂಜಿನ್ ಆಯಿಲ್ ಬದಲಿಸಿಯೇ ನಿಲ್ಲಿಸುತ್ತೇವೆ, ಆಗಸ್ಟ್‌ನಲ್ಲಿ ಹೊರಡುವಾಗ ಅಲ್ಲ. ಕೆಟ್ಟ ಎಣ್ಣೆಯಲ್ಲಿ ಹುಳಿ (ಆಸಿಡ್) ಇರುತ್ತದೆ, ಎರಡು ತಿಂಗಳು ಬೇರಿಂಗಿನ ಮೇಲೆ ಕುಳಿತು ತಿನ್ನುತ್ತದೆ. ನೀವು ಚಳಿಗಾಲಕ್ಕೆ ನಿಲ್ಲಿಸುವುದು ಐದು ತಿಂಗಳು. ಈ ಸಲ ಬದಲಿಸಿ ನಿಲ್ಲಿಸಿದ್ದೀರಾ?

ಉತ್ತರ 3: ಸೋಲೆಂಟ್ ಕನ್ನಡಿಗ, ಸೌತಾಂಪ್ಟನ್

ನಾನು ಹೊಸ ಎಂಜಿನ್ ಹಾಕಿಸಿದವನು, ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಆದರೆ ನನ್ನ ಪರಿಸ್ಥಿತಿ ಬೇರೆಯಾಗಿತ್ತು, ಅದನ್ನು ಹೇಳಿದರೆ ನಿಮ್ಮದಕ್ಕೆ ಹೋಲಿಸಿಕೊಳ್ಳಲು ಅನುಕೂಲ.

ನಮ್ಮ 28 ಅಡಿಯ ದೋಣಿಯಲ್ಲಿ ಎರಡು ಸಿಲಿಂಡರಿನ, ಸಮುದ್ರದ ನೀರು ನೇರವಾಗಿ ಬ್ಲಾಕಿನೊಳಗೆ ಓಡುವ ಎಂಜಿನ್ ಇತ್ತು. 30 ವರ್ಷ ಉಪ್ಪು ಕುಡಿದ ಕಬ್ಬಿಣ ಅದು. ಹೆಡ್ ತೆಗೆದು ನೋಡಿದಾಗ, ಸಿಲಿಂಡರ್ ಸುತ್ತಲಿನ ನೀರಿನ ದಾರಿಗಳಲ್ಲಿ ಕಂದು ಬಣ್ಣದ ಪದರ ತುಂಬಿ, ಎರಡು ದಾರಿ ಪೂರ್ತಿ ಮುಚ್ಚಿದ್ದವು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಕಬ್ಬಿಣವೇ ಬೆಲ್ಲದ ಪುಡಿಯಂತೆ ಉದುರುತ್ತಿತ್ತು. ಗ್ಯಾಸ್ಕೆಟ್ ಕೂರಬೇಕಾದ ಮೇಲ್ಮೈ ತಿಂದುಹೋಗಿತ್ತು. ಅಂಥ ಬ್ಲಾಕಿಗೆ ಹೊಸ ಪಿಸ್ಟನ್ ಹಾಕಿ ಪ್ರಯೋಜನವಿಲ್ಲ. ಬಿಡಿಭಾಗಗಳೂ ವರ್ಷದಿಂದ ವರ್ಷಕ್ಕೆ ಸಿಗದಾಗುತ್ತಿದ್ದವು. ಇಲ್ಲಿ ವೈಟ್ ದ್ವೀಪದ ಪಶ್ಚಿಮದ ಹರ್ಸ್ಟ್ ಕಿರುದಾರಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು 4 ನಾಟ್‌ಗಿಂತ (ಗಂಟೆಗೆ ಸುಮಾರು 7 ಕಿಲೋಮೀಟರ್) ವೇಗವಾಗಿ ಹರಿಯುತ್ತದೆ. ಎಂಜಿನ್ ಕೈಕೊಟ್ಟರೆ ನೀರು ಒಯ್ದ ಕಡೆಗೇ ಹೋಗಬೇಕು. ತೀರ್ಮಾನ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಆಮೇಲೆ. ಕೊಟ್ಟ ಬೆಲೆಪಟ್ಟಿಯಲ್ಲಿ ಎಂಜಿನ್ ಮತ್ತು ಕೂರಿಸುವ ಕೂಲಿ ಇತ್ತು. ಹೊಸ ಎಂಜಿನ್ನಿನ ಕಾಲುಗಳ ಅಂತರ ಬೇರೆ, ಹಾಗಾಗಿ ಅದು ಕೂರುವ ಮಂಚವನ್ನು ಫೈಬರ್‌ಗ್ಲಾಸಿನಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಗೇರಿನ ಅನುಪಾತ ಬೇರೆ, ಹಾಗಾಗಿ ಹಳೆಯ ಪ್ರೊಪೆಲ್ಲರ್ ಹೊಂದಲಿಲ್ಲ. ಎಕ್ಸಾಸ್ಟ್ ದೊಡ್ಡದು ಬೇಕಾಗಿ, ಪೈಪಿನಿಂದ ಹಿಡಿದು ದೋಣಿಯ ಹಿಂಬದಿಯ ತೂತಿನವರೆಗೆ ಬದಲಾಯಿತು. ಡೀಸೆಲ್ ಟ್ಯಾಂಕಿಗೆ ಮರಳುವ ಪೈಪು, ಮೀಟರ್ ಫಲಕ, ಎಂಜಿನ್ನನ್ನು ಪ್ರೊಪೆಲ್ಲರಿನ ಶಾಫ್ಟಿಗೆ ಜೋಡಿಸುವ ಕಪ್ಲಿಂಗ್ ಎಲ್ಲ ಹೊಸವು. ಬರೆದುಕೊಟ್ಟ ಮೊತ್ತಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ತೆತ್ತೆ, ಮೂರು ವಾರ ಎಂದಿದ್ದ ಕೆಲಸ ಹನ್ನೊಂದು ವಾರ ಹಿಡಿಯಿತು. ಎರಡು ವರ್ಷದ ಮೇಲೆ ದೋಣಿ ಮಾರಿದಾಗ ಹೊಸ ಎಂಜಿನ್ನಿನಿಂದಾಗಿ ಬೇಗ ಗಿರಾಕಿ ಸಿಕ್ಕರು. ಹಾಕಿದ ಹಣದಲ್ಲಿ ಅರ್ಧವೂ ಮರಳಲಿಲ್ಲ. ಹೊಸ ಎಂಜಿನ್ ಹಾಕಿಸುವುದಾದರೆ ಮುಂದೆ ಎಂಟು ಹತ್ತು ವರ್ಷ ಆ ದೋಣಿಯನ್ನು ನೀವೇ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ ಹಾಕಿಸಿ.

ನಿಮ್ಮ ವಿಷಯದಲ್ಲಿ ಒಂದು ಅನುಕೂಲವಿದೆ. ನಿಮ್ಮದು ಕುಬೋಟಾ ಮೂಲದ್ದಾದ್ದರಿಂದ ಒಳಗಿನ ಹಲವು ಭಾಗಗಳು ಟ್ರ್ಯಾಕ್ಟರ್ ಅಂಗಡಿಯಲ್ಲಿಯೂ ಸಿಕ್ಕಾವು. ಬದಲಿಸುವ ದಿನ ಬಂದರೆ, ಇಂಗ್ಲೆಂಡಿನ ಬೀಟಾ ಮರೀನ್‌ನವರು ಇಂದಿಗೂ ಕುಬೋಟಾ ಎಂಜಿನ್‌ಗಳನ್ನೇ ದೋಣಿಗೆ ಅಳವಡಿಸಿ ಕೊಡುತ್ತಾರೆ. ಮಂಚದ ಅಳತೆಗಳನ್ನು ಈಗಲೇ ತೆಗೆದು ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು: ಈಗ ಹಾಕುವ ಹಣ ಎಂಜಿನ್ ಒಳಕ್ಕೆ ಹೋಗುತ್ತಿದೆಯೋ, ಅದರ ಸುತ್ತಲಿನ ವ್ಯವಸ್ಥೆಗೆ ಹೋಗುತ್ತಿದೆಯೋ ಎಂದು ಬೇರೆ ಬೇರೆ ಲೆಕ್ಕ ಬರೆಯಿರಿ. ಡೀಸೆಲ್ ಟ್ಯಾಂಕ್ ತೊಳೆಸುವುದು, ಫಿಲ್ಟರ್, ದಪ್ಪ ತಂತಿ, ತಳದ ವಾಲ್ವ್, ಶಾಫ್ಟಿನ ಬೇರಿಂಗ್ ಇವೆಲ್ಲ ನಾಳೆ ಹೊಸ ಎಂಜಿನ್ನಿಗೂ ಬೇಕಾಗುವಂಥವು. ಅಲ್ಲಿ ಕೈ ಬಿಗಿ ಹಿಡಿಯಬೇಡಿ.

ಪ್ರಶ್ನೆ ಕೇಳಿದವರ ಮರುನುಡಿ: ಕೊಲ್ಲಿಯ ಹಾಯಿ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಐದು ವಾರ ಕಳೆದು ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನೆಲ್ಲ ಮಾಡಿ ನೋಡಿಯೇ ಬರೆಯಬೇಕೆಂದಿತ್ತು.

ಹೀಟ್ ಎಕ್ಸ್‌ಚೇಂಜರ್‌ನ ಮುಚ್ಚಳ ತೆಗೆದಾಗ ನನ್ನ ಮಗಳು ಟಾರ್ಚ್ ಹಿಡಿದಿದ್ದಳು. ಒಳಗಿಂದ ಹುಣಸೆ ಬೀಜದ ಗಾತ್ರದ ಕಪ್ಪು ರಬ್ಬರ್ ತುಂಡುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆದೆವು. ಅವಳು ಎಣಿಸಿದಳು, ಒಂಬತ್ತು. ನಾನು ಈ ಆರು ವರ್ಷದಲ್ಲಿ ಒಂದು ಇಂಪೆಲ್ಲರ್ ರೆಕ್ಕೆಯನ್ನೂ ಕಳೆದುಕೊಂಡಿಲ್ಲ, ಆದ್ದರಿಂದ ಅವು ಹಿಂದಿನ ಒಡೆಯರ ಕಾಲದವು. ಜೊತೆಗೆ ಸತುವಿನ ಪುಡಿ ಗಟ್ಟಿಯಾಗಿ ಅರ್ಧಕ್ಕೂ ಹೆಚ್ಚು ಕೊಳವೆಗಳು ಮುಚ್ಚಿದ್ದವು. ಎಕ್ಸಾಸ್ಟ್‌ನ ಮೊಣಕೈಯಲ್ಲಿ ಚೀಫ್ ಸರ್ ಹೇಳಿದ ಪೆನ್ಸಿಲ್ ತೂತೇ ಇತ್ತು. ಎರಡನ್ನೂ ಹೊಸದಾಗಿ ತರಿಸಿದ್ದೇನೆ. ಎಕ್ಸ್‌ಚೇಂಜರ್ ಹಿಂದಿನದಕ್ಕಿಂತ ದೊಡ್ಡದು. ಗ್ಲೋ ಪ್ಲಗ್‌ಗಳ ಬಳಿ ಮೀಟರ್ ತೋರಿಸಿದ್ದು 8.7 ವೋಲ್ಟ್. ಸೊಲೆನಾಯ್ಡ್ ಹಾಕಿದ ಮೇಲೆ 11.8. ಆಲ್ಟರ್ನೇಟರ್ ಬ್ರ್ಯಾಕೆಟ್ ಮೂಲದ್ದೇ ಆಗಿತ್ತು, ಬದಲಿಸಿದೆ.

ಕಂಪ್ರೆಶನ್ ಅಳೆಯಲು ಬೇರೊಬ್ಬ ಮೆಕ್ಯಾನಿಕ್ ಬಂದರು. ಮೊದಲ ಎರಡು ಸಿಲಿಂಡರ್ 400 ಮತ್ತು 395 ಪಿಎಸ್‌ಐ (ಒತ್ತಡದ ಅಳತೆ), ಮೂರನೆಯದು 335. ಚಮಚ ಎಣ್ಣೆ ಬಿಟ್ಟ ಮೇಲೆ ಮೂರನೆಯದು 380ಕ್ಕೆ ಏರಿತು. ಹೌದು ಸರ್, ವಾಲ್ವ್ ತೆರೆದಿಟ್ಟೇ ನಾನು ಸ್ಟಾರ್ಟರ್ ತಿರುಗಿಸುತ್ತಿದ್ದೆ. ಅದು ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ. ಎಣ್ಣೆಯ ಪರೀಕ್ಷೆಯಲ್ಲಿ ಕೂಲೆಂಟ್ ಇಲ್ಲ, ಬೇರಿಂಗಿನ ಲೋಹ ಹೆಚ್ಚಿಲ್ಲ, ಕಬ್ಬಿಣ ಮಾತ್ರ ಸ್ವಲ್ಪ ಹೆಚ್ಚು. ಮಲ್ಪೆಯ ತಮ್ಮನ ಪ್ರಶ್ನೆಗೆ ಉತ್ತರ: ಬದಲಿಸದೆ ನಿಲ್ಲಿಸಿದ್ದೆ. ಇದನ್ನು ಓದಿದ ಮರುದಿನವೇ ಹೋಗಿ ಬದಲಿಸಿದೆ.

ನಾವು ದುರಸ್ತಿಯನ್ನೇ ಆರಿಸಿಕೊಂಡಿದ್ದೇವೆ. ಎಂಜಿನ್ ಒಳಕ್ಕೆ ಕೈ ಹಾಕುತ್ತಿಲ್ಲ. ಇದುವರೆಗೆ 3,150 ಡಾಲರ್ ಆಗಿದೆ. ಸೌತಾಂಪ್ಟನ್‌ನ ಗೆಳೆಯರು ಹೇಳಿದಂತೆ ಬೇರೆ ಬೇರೆ ಬರೆದಾಗ, ಅದರಲ್ಲಿ 1,200ರಷ್ಟು ಹೊಸ ಎಂಜಿನ್ ಬಂದರೂ ಉಪಯೋಗಕ್ಕೆ ಬರುವ ಕೆಲಸ. 5,000 ದಾಟಿದರೆ ನಿಲ್ಲಿಸಬೇಕೆಂದು ಹೆಂಡತಿಯೂ ನಾನೂ ಮೊದಲೇ ಒಪ್ಪಿಕೊಂಡಿದ್ದೇವೆ. ಕಾಲುವೆಯ ಪ್ರಯಾಣವನ್ನು ಒಂದು ವರ್ಷ ಮುಂದೂಡಿ, ಈ ಬೇಸಿಗೆ ಅನಾಪೊಲಿಸ್‌ನ ಸುತ್ತಮುತ್ತಲೇ ಓಡಿಸಿ ನೋಡುತ್ತೇವೆ. ನಾಲ್ಕೂ ಮೌಂಟ್ ಹೊಸದಾಗಿ ಹಾಕಿ ಆಗಿದೆ. ಏಪ್ರಿಲ್ ಎರಡನೆಯ ವಾರ ದೋಣಿ ನೀರಿಗಿಳಿಯುತ್ತದೆ. ಶಾಫ್ಟಿನ ನೇರವನ್ನು ಈಗ ದಡದ ಮೇಲೇ ಹೊಂದಿಸಿದರೆ ಸಾಕೇ? ಮೂರನೆಯ ಸಿಲಿಂಡರ್‌ಗೆ ಏನು ಮಾಡಲಿ?

ಉತ್ತರ: ಹಳೆಯ ಚೀಫ್ ಎಂಜಿನಿಯರ್, ಮಂಗಳೂರು

ಒಳ್ಳೆಯ ಕೆಲಸ ಮಾಡಿದ್ದೀರಿ. ನೊಂದುಕೊಳ್ಳಬೇಡಿ, ಕಂಪ್ರೆಶನ್ ಇಷ್ಟರಲ್ಲೇ ಉಳಿದಿದೆಯೆಂದರೆ ನೀರು ಹೆಚ್ಚು ಹೊತ್ತು ಅಲ್ಲಿ ನಿಂತಿಲ್ಲ.

ಶಾಫ್ಟನ್ನು ದಡದ ಮೇಲೆ ಸುಮಾರಾಗಿ ಹೊಂದಿಸಿ ಬಿಡಿ, ಕೊನೆಯ ಅಳತೆ ಬೇಡ. ಕಂಬಗಳ ಮೇಲೆ ಕುಳಿತ ದೋಣಿಯ ಮೈ ಬೇರೆ, ನೀರಿನಲ್ಲಿ ತೇಲುವ ದೋಣಿಯ ಮೈ ಬೇರೆ. ನೀರಿಗಿಳಿದು, ಹಾಯಿಕಂಬದ ತಂತಿಗಳನ್ನು ಬಿಗಿದು, ಎರಡು ದಿನ ಕಳೆದ ಮೇಲೆ ಕಪ್ಲಿಂಗ್ ಬೋಲ್ಟ್ ಸಡಿಲಿಸಿ, ಎರಡು ಮುಖಗಳ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನಾಲ್ಕೂ ಕಡೆ ಅಳೆಯಿರಿ. ಕಪ್ಲಿಂಗಿನ ವ್ಯಾಸದ ಪ್ರತಿ ಇಂಚಿಗೆ ಒಂದು ಇಂಚಿನ ಸಾವಿರದಲ್ಲೊಂದು ಭಾಗಕ್ಕಿಂತ ಹೆಚ್ಚು ಅಂತರ ಇರಬಾರದು. 4 ಇಂಚಿನ ಕಪ್ಲಿಂಗಿಗೆ ಇಂಚಿನ ಸಾವಿರದಲ್ಲಿ ನಾಲ್ಕು ಭಾಗ. ಹೊಸ ರಬ್ಬರ್ ಮೌಂಟ್‌ಗಳು ಮೊದಲ ಕೆಲವು ವಾರ ಕುಸಿಯುವುದರಿಂದ ಜೂನ್‌ನಲ್ಲಿ ಇನ್ನೊಮ್ಮೆ ನೋಡಿ.

ಮೂರನೆಯ ಸಿಲಿಂಡರ್‌ಗೆ ಈಗ ಬೇಕಾದದ್ದು ಭಾರ. ಲಂಗರು ಹಾಕಿದಾಗ ಬ್ಯಾಟರಿ ತುಂಬಲೆಂದು ಗಂಟೆಗಟ್ಟಲೆ ನಿಧಾನವಾಗಿ ಓಡಿಸುವುದನ್ನು ನಿಲ್ಲಿಸಿ. ಅದರಿಂದಲೇ ರಿಂಗುಗಳು ಮಸಿಯಲ್ಲಿ ಅಂಟುತ್ತವೆ, ಸಿಲಿಂಡರ್ ಗೋಡೆ ಗಾಜಿನಂತೆ ನುಣುಪಾಗುತ್ತದೆ. ಪ್ರೊಪೆಲ್ಲರ್ ಮತ್ತು ತಳವನ್ನು ಶುದ್ಧವಾಗಿಟ್ಟು, ಪ್ರತಿ ಸಲ ಹೊರಟಾಗ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಗಂಟೆಯಾದರೂ ಗರಿಷ್ಠ ವೇಗದ ಮುಕ್ಕಾಲು ಪಾಲಿಗಿಂತ ಮೇಲೆ ಓಡಿಸಿ, ಕಣ್ಣು ಮಾತ್ರ ಉಷ್ಣದ ಮುಳ್ಳಿನ ಮೇಲಿರಲಿ. 25 ಗಂಟೆ ಹೀಗೆ ಓಡಿದ ಮೇಲೆ ಆಯಿಲ್ ಬದಲಿಸಿ, ಅದೇ ಗೇಜಿನಿಂದ, ಎಂಜಿನ್ ಅಷ್ಟೇ ಬಿಸಿ ಇರುವಾಗ ಕಂಪ್ರೆಶನ್ ಮತ್ತೆ ಅಳೆಸಿ. 335 ಏರಿದ್ದರೆ ಅಥವಾ ಅಲ್ಲೇ ಇದ್ದರೆ ಈ ಎಂಜಿನ್ನಿನಲ್ಲೇ ಕಾಲುವೆಗೆ ಹೋಗಬಹುದು. 300ರತ್ತ ಇಳಿದಿದ್ದರೆ ಅಂಕಿಯನ್ನು ಇಲ್ಲಿ ಬರೆಯಿರಿ. ಆಗ ಹೊಸ ಎಂಜಿನ್ನಿನ ಅಳತೆಗಳನ್ನು ಮುಂದಿಟ್ಟುಕೊಂಡು ಕೂರೋಣ.